ಓರೆಯಾಗಿ ಕತ್ತರಿಸಿದ ತುದಿ

"ತಲೆಕೆಳಗೆ! ಎಲ್ಲಾ ತಲೆಕೆಳಗೆ ನೆಟ್ಟಿದ್ದೀರಲ್ರೀ!"

ನರ್ಸರಿಯವಳ ಕೂಗಿಗೆ ಇಳಿಜಾರಿನ ಆಳುಗಳೆಲ್ಲ ತಿರುಗಿ ನೋಡಿದರು. ಅವಳ ಕೈಯಲ್ಲಿ ಸಸಿಯಾಗಲೆಂದು ನೆಟ್ಟಿದ್ದ, ಆಗಷ್ಟೇ ಮಣ್ಣಿನಿಂದ ಕಿತ್ತ ಗೇಣುದ್ದದ ಕೊಂಬೆಕಡ್ಡಿ. ಅದರ ಮೊಗ್ಗುಗಳೆಲ್ಲ ನೆಲದ ಕಡೆ ಮುಖ ಮಾಡಿದ್ದವು.

ಎದುರಿಗೆ ನಿಂತಿದ್ದವನು ಹೊಸ ಮೇಸ್ತ್ರಿ. ಬೇರೆ ಬೆಟ್ಟಗಳಲ್ಲಿ ಗಿಡ ನೆಡಿಸಿ ಬಂದವನು. ಮೂರು ದಿನದ ಹಿಂದೆ ಅವಳ ಕೈಯಿಂದ ಕಡ್ಡಿಯ ಕಟ್ಟು ಈಸಿಕೊಳ್ಳುವಾಗ ಸುಮ್ಮನೆ ನಕ್ಕಿದ್ದ. ಆ ನಗು ಅವಳ ತಲೆಯಿಂದ ಇಳಿದಿರಲಿಲ್ಲ... ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತಿತ್ತು!

"ಕಡ್ಡಿ ಕತ್ತರಿಸೋಕೆ ಈ ಬೋಳು ಬೆಟ್ಟದಲ್ಲಿ ಉಳಿದಿರೋದು ಒಂದೇ ತಾಯಿಮರ. ಈ ವರ್ಷ ಇನ್ನೊಂದು ಕೊಂಬೆ ಮುಟ್ಟಿದ್ರೆ ಅದೂ ಸಾಯುತ್ತೆ. ಎರಡು ಸಾವಿರ ಕಡ್ಡಿ ಮಣ್ಣುಪಾಲು ಮಾಡಿದ್ರಿ!"

"ಅಲ್ಲ, ಓರೆ ತುದಿ..."

"ಏನೂ ಹೇಳ್ಬೇಡಿ! ಹೋಗಿ ಇಲ್ಲಿಂದ!"

ಅವನು ಟೋಪಿ ಹಾಕಿಕೊಂಡು ಹೊರಟುಬಿಟ್ಟ. ಒಂದು ನಿಮಿಷ ಕೇಳಿಸಿಕೊಂಡಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಆದರೆ ಆ ತಾಳ್ಮೆ ಅವಳಿಗೆ ಯಾವ ಕಾಲಕ್ಕೆ ಇತ್ತು ಹೇಳಿ!

ನರ್ಸರಿಯ ಶೆಡ್ಡಿನಲ್ಲಿ ಅವಳ ಸೋದರತ್ತೆ ಕತ್ತರಿಗಳನ್ನು ಮಸೆಯುತ್ತಿದ್ದಳು. ಸೋದರಸೊಸೆಯ ಗೊಣಗಾಟವನ್ನೆಲ್ಲ ಕೇಳಿ ತಲೆಯೆತ್ತಿದಳು.

"ನೀನು ಓರೆಯಾಗಿ ಕತ್ತರಿಸೋದು ಯಾವ ತುದಿ?"

"ಮೇಲಿಂದು. ನೀರು ನಿಲ್ಲದೆ ಜಾರಲಿ ಅಂತ."

"ಬೇರೆ ಕಡೆಯೆಲ್ಲ ಓರೆ ತುದಿ ಮಣ್ಣಿಗೆ ಹೋಗುತ್ತೆ ಕಣೇ, ಚುಚ್ಚೋಕೆ ಸುಲಭ ಅಂತ. ನಮ್ಮದು ತಿರುಗಾಮುರುಗಾ ಅಂತ ಅವನಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಅವನ ನಗು ನೋಡಿ ಗಲಿಬಿಲಿಯಾಗಿ, ಕಟ್ಟನ್ನು ಕೈಗೆ ತುರುಕಿ ಓಡಿಬಂದಿದ್ದಳು! 'ಅಯ್ಯೋ, ತಪ್ಪು ನಂದು... ಅವನು ಹೊರಟೇ ಹೋದ್ನಾ?'

ಅವಳು ಏದುಸಿರು ಬಿಡುತ್ತಾ ಬೆಟ್ಟ ಹತ್ತಿದಳು. ಹೋಗಿರಲಿಲ್ಲ. ಮೇಲಿನ ಸಾಲಿನಲ್ಲಿ ಒಬ್ಬನೇ ಮೊಣಕಾಲೂರಿ, ಒಂದೊಂದೇ ಕಡ್ಡಿ ಕಿತ್ತು ತಿರುಗಿಸಿ ನೆಡುತ್ತಿದ್ದ. ಬೆರಳ ಸಂದಿಯಲ್ಲಿ ರಕ್ತ ಒಸರಿತ್ತು.

"ತೊಗಟೆ ಇನ್ನೂ ಹಸಿರಾಗಿದೆ," ಎಂದ, ತಲೆಯೆತ್ತದೆ. "ಬದುಕುತ್ತೆ."

ಅವಳ ಕಣ್ಣು ತುಂಬಿ ಬಂತು. "ಓರೆ ತುದಿ ವಿಷಯ ನಾನೇ ಹೇಳಿರಲಿಲ್ಲ. ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ... ನೀವ್ಯಾಕೆ ತಿರುಗಿ ಬೈಲಿಲ್ಲ?"

"ನಂದೂ ತಪ್ಪಿದೆ. ತುದಿ ಹೇಗೇ ಇರಲಿ, ಮೊಗ್ಗು ಯಾವ ಕಡೆ ಇದೆ ಅಂತ ನೋಡಿ ನೆಡಬೇಕು. ಹತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ."

"ಮತ್ತೆ ಈ ಸಲ?"

ಅವನ ಕಿವಿ ಕೆಂಪಾಯಿತು. "ಮೂರು ದಿನವೂ ನಿಮ್ಮನ್ನೇ ನೋಡ್ತಿದ್ದೆ."

ಅವಳಿಗೆ ಇದ್ದ ಕೋಪವೆಲ್ಲ ಎಲ್ಲಿ ಹೋಯಿತೋ! ಸೆರಗು ಸಿಕ್ಕಿಸಿ ಅವನ ಪಕ್ಕದಲ್ಲೇ ಮೊಣಕಾಲೂರಿದಳು.

"ಇನ್ನೆಷ್ಟಿದೆ?"

"ಸಾವಿರದ ಒಂಬೈನೂರು."

"ಹಾಗಾದ್ರೆ ಈಗ ಮೊಗ್ಗು ನೋಡಿ," ಎಂದಳು ಮೆಲ್ಲಗೆ. "ನಾನೆಲ್ಲೂ ಹೋಗಲ್ಲ."