ಹೊಳೆ ಶಾಂತ ಎಂದ ಪುಟ

"ಅಮ್ಮಾರ, ಎಲ್ಲಾರೂ ನಾನ ಮಾಡೀನಿ ಅಂತಾರ್ರಿ. ದೇವ್ರಾಣಿ ನಾನಲ್ಲ."

ಪಾಪಿನಾಯಕನಹಳ್ಳಿಯ ಭುವನೇಶ್ವರಿ ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಹೀಗೆಂದದ್ದು ಒಂದು ಗುರುವಾರ ಬೆಳಿಗ್ಗೆ. ಸರಸ್ವತೀಬಾಯಿಯವರು ನೀರು ಕೊಟ್ಟು, "ಕುಂದ್ರವ್ವ, ಮೊದ್ಲಿಂದ ಹೇಳು," ಎಂದರು. ಟೆಲಿಫೋನ್ ಎಕ್ಸ್‌ಚೇಂಜಿನ ಮೇಲ್ವಿಚಾರಕಿಯಾಗಿ ನಿವೃತ್ತರಾದ ಮೇಲೆ ಇಂಥ ಗಂಟುಗಳನ್ನು ಬಿಡಿಸುವುದೇ ಅವರ ಕೆಲಸವಾಗಿತ್ತು. ಅದೇ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ನಾನು, ಹೇಮಾವತಿ, ಅವರ ಜೊತೆಗಿದ್ದೆ.

ಭುವನೇಶ್ವರಿ, ಶ್ರೀಪ್ರಿಯಾ, ಯಲ್ಲೇಶ್ ಮೂವರು ನದಿದಂಡೆಯವರಿಗಾಗಿ ಒಂದು ವೆಬ್‌ಪುಟ ನಡೆಸುತ್ತಿದ್ದರು. ತುಂಗಭದ್ರೆಯ ಟಿ.ಬಿ. ಡ್ಯಾಮಿನ ಗೇಟು ತೆಗೆದರೆ ಹಂಪಿಯಿಂದ ಕಂಪ್ಲಿಯವರೆಗೆ ಜನರ ಫೋನಿನಲ್ಲಿ ಎಚ್ಚರಿಕೆ ಕಾಣುತ್ತಿತ್ತು. ಬುಧವಾರ ಬೆಳಿಗ್ಗೆ ಗೇಟು ತೆಗೆದಾಗ ಪುಟ "ಹೊಳೆ ಶಾಂತ" ಎಂದೇ ತೋರಿಸಿತು. ಅದನ್ನು ನಂಬಿ ಹರಿಗೋಲು ಇಳಿಸಿದ ಹಂಪಿಯ ಪಾಲಯ್ಯ ಕೊಚ್ಚಿಹೋಗಿ, ಬಂಡೆ ತಬ್ಬಿ ಬದುಕಿದ್ದ.

"ನಾವು ಹಾಕಿದ ಸುದ್ದಿ ಮೊದ್ಲು ಡಿಪ್ಲಾಯ್‌ಮೆಂಟ್ ಪ್ಲಾಟ್‌ಫಾರ್ಮಿಗೆ ಹೋಗ್ತೈತ್ರಿ," ಎಂದಳು ಭುವನೇಶ್ವರಿ. "ಅಲ್ಲಿ ಪುಟ ತಯಾರಾಗಿ, ಅದನ್ನ ಜನರಿಗೆ ಹಂಚೋ ಎಡ್ಜ್ ಕಂಪನಿ ಸರ್ವರಿಗೆ ಹೋಗ್ತೈತಿ. ಜನ ನೋಡೋದು ಅಲ್ಲಿರೋ ಪ್ರತಿ. ಎರಡರ ನಡುವೆ ಟೋಕನ್ ಅಂತ ಒಂದು ಕೀಲಿ ಹಾಕಿ ನಾನ ಜೋಡ್ಸಿದ್ದೆ. ಮಂಗಳವಾರ ಮುಂಜಾನೆ ಹತ್ತೂ ನಲವತ್ತಕ್ಕ ನನ್ನ ಲಾಗಿನ್‌ನಿಂದನ ಯಾರೋ ಅದನ್ನ ರದ್ದು ಮಾಡ್ಯಾರ. ಅದಕ್ಕ ಹಳೇ ಪ್ರತಿನ ಉಳೀತು."

"ಊರಿಂದ ಊರಿಗೆ ಹೋಗೋ ಟ್ರಂಕ್ ಲೈನ್ ಕಿತ್ತಂಗಾತು," ಎಂದರು ಬಾಯಿಯವರು. "ಆವಾಗ ನೀ ಎಲ್ಲಿದ್ದಿ?"

"ಕಂಪ್ಲ್ಯಾಗ, ಮೀನುಗಾರರ ಜೋಡಿ. ನನ್ನ ಲಾಗಿನ್ ಆಫೀಸಿನ ಲ್ಯಾಪ್‌ಟಾಪಿನಾಗ ತೆರದ ಇರ್ತೈತಿ. ಅಲ್ಲಿ ಅವರಿಬ್ರೂ ಇದ್ರು. ಆದ್ರ ಕಂಪ್ಲಿಯಿಂದನ ನಿನ್ನ ಫೋನಿನಾಗ ನೀನ ಮಾಡೀದಿ ಅಂತಾರ."

ನಾವು ಅವರ ಆಫೀಸಿಗೆ ಹೋದೆವು. ಯಲ್ಲೇಶನ ಕಣ್ಣು ಕೆಂಪಾಗಿತ್ತು.

"ಆ ಜೋಡಣಿಗೆ ನಾನ ಎರಡು ತಿಂಗಳು ಒದ್ದಾಡಿದ್ದೆ, ಆಗಲಿಲ್ಲ. ಈಕಿ ಒಂದ ಮಧ್ಯಾಹ್ನದಾಗ ಮಾಡಿದ್ಲು. ಹೊಟ್ಟಿ ಉರೀಲಿಲ್ಲ ಅಂದ್ರ ಸುಳ್ಳಾಗ್ತೈತ್ರಿ. ಆದ್ರ ಬುಧವಾರ ಆರೂ ಹತ್ತಕ್ಕ ಸುದ್ದಿ ಹಾಕ್ದೆ, ಪುಟ ತಯಾರಾತು ಅಂತ ಪ್ಲಾಟ್‌ಫಾರ್ಮಿನಾಗ ಹಸಿರು ಗುರುತು ಬಂತು, ಗೇಟ್ ತೆಗದಾರ, ಸುದ್ದಿ ಹಾಕೀನಿ ಅಂತ ಇವರಿಬ್ರಿಗೂ ಮೆಸೇಜ್ ಮಾಡ್ದೆ. ನಮ್ಮವ್ವ ಕಂಪ್ಲಿ ಹೊಳಿಗೆ ಬಟ್ಟಿ ಒಗಿಯಾಕ ಹೋಗಾಕಿ. ಪುಟ ನೋಡ್ತಾಳಂತ ಆಕಿಗೂ ಫೋನ್ ಮಾಡಲಿಲ್ಲ. ಮಗ್ಗಲಮನಿಯವರು ತಡದ್ರು, ಉಳಿದ್ಲು."

ಶ್ರೀಪ್ರಿಯಾ ನಗುತ್ತಲೇ ಮಾತಾಡಿದಳು. "ಎರಡು ವರ್ಷ ನಾನು ಕಟ್ಟಿದ ಪುಟ. ಪೇಪರಿನಾಗ ಭುವನೇಶ್ವರಿ ಫೋಟೋ ಬಂತು. ಬರ್ಲಿ ಬಿಡ್ರಿ, ಭಾಳ ಶಾಣ್ಯಾಕಿ."

ಆ ನಗು ನನ್ನನ್ನು ಇರಿಯಿತು. ಸರಸ್ವತೀಬಾಯಿಗೆ ಮೇಲ್ವಿಚಾರಕಿ ಹುದ್ದೆ ಬಂದಾಗ ನಾನೂ ಮೂರು ತಿಂಗಳು ಹಾಗೇ ನಗುತ್ತ, "ಬಾಯಾರು ಭಾಳ ಶಾಣ್ಯಾರು," ಎನ್ನುತ್ತ ತಿರುಗಿದ್ದೆ. ಮನೆಗೆ ಬಂದು ತಟ್ಟೆ ಎಸೆಯುತ್ತಿದ್ದೆ.

ಮಧ್ಯಾಹ್ನ ಹಂಪಿಯಲ್ಲಿ ಪಾಲಯ್ಯನನ್ನು ಕಂಡೆವು. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ.

"ಏಳರ ಸುಮಾರಿಗೆ ಬಾಳಿತೋಟದ ವೆಂಕೋಬರಾಯರು ಪಂಪ್‌ಸೆಟ್ ಮ್ಯಾಲೆ ಎಳೀತಿದ್ರು. 'ಗೇಟ್ ತೆಗದಾರಂತ, ಪುಟದಾಗ ಶಾಂತ ಅಂತಿದ್ರೂ ನಂಬಬ್ಯಾಡ ಅಂತ ಅಕ್ಕನ ಮಗಳು ಫೋನ್ ಮಾಡಿದ್ಲು' ಅಂದ್ರು. ನಾ ಫೋನಿನಾಗಿನ ಪುಟ ನಂಬಿದೆ, ಅವರನ್ನ ನಂಬಲಿಲ್ಲ."

ಬಾಯಿಯವರು ಒಬ್ಬರೇ ತೋಟಕ್ಕೆ ಹೋಗಿ ಹತ್ತು ನಿಮಿಷದಲ್ಲಿ ಮರಳಿದರು. ಪಾಲಯ್ಯನನ್ನು ಆಟೋದಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಬಂದೆವು.

ಸಂಜೆ ಐದಕ್ಕೆ ಎಲ್ಲರೂ ಆಫೀಸಿನಲ್ಲಿ ಸೇರಿದರು.

"ಲಾಗಿನ್ ಭುವನೇಶ್ವರೀದು," ಬಾಯಿಯವರು ಶುರುಮಾಡಿದರು. "ಆದ್ರ ಆ ಲ್ಯಾಪ್‌ಟಾಪ್ ಉಳಿದಿಬ್ಬರ ಕೈಯಾಗೂ ಇತ್ತು. ಹಿಂಗಾಗಿ ಲಾಗಿನ್ ಬಿಟ್ಟು ಬ್ಯಾರೆ ದಾರಿ ಹುಡುಕಿದೆ. ಪುಟ ಸುಳ್ಳು ಹೇಳ್ತೈತಿ ಅಂತ ಬುಧವಾರ ಮುಂಜಾನೆ ಯಾರಿಗೆ ಗೊತ್ತಿತ್ತು? ಯಲ್ಲೇಶಗ ಗೊತ್ತಿರಲಿಲ್ಲ. ಗೊತ್ತಿದ್ರ ಹೆತ್ತವ್ವಗ ಫೋನ್ ಮಾಡ್ತಿದ್ದ. ಭುವನೇಶ್ವರಿ ಯಾರಿಗೂ ಹೇಳಿಲ್ಲ. ಆದ್ರ ಒಬ್ರು ತಮ್ಮ ಮಾಮಗ ಫೋನ್ ಮಾಡ್ಯಾರ. ಗೇಟ್ ತೆಗದಾರ ಅಂತ ಹೇಳಿದ್ರ ಅದು ಬರೇ ಕಾಳಜಿ. 'ಪುಟ ನಂಬಬ್ಯಾಡ' ಅಂದಿದ್ದು ಮಾತ್ರ ಕಾಳಜಿ ಅಲ್ಲ. ಪುಟ ನೋಡಿ ಗೊತ್ತಾಗಿದ್ರ ಮೊದ್ಲು ಜೊತಿಯವರಿಗೆ ಹೇಳ್ತಿದ್ರು. ತಂತಿ ಕಿತ್ತವರಿಗಷ್ಟ ಗೊತ್ತಿದ್ದ ಮಾತು ಅದು. ವೆಂಕೋಬರಾಯರನ್ನ ಕೇಳಿ ಬಂದೀನಿ, ಅವರ ಅಕ್ಕನ ಮಗಳು ನೀನಲ್ಲವ, ಶ್ರೀಪ್ರಿಯಾ?"

ಶ್ರೀಪ್ರಿಯಾಳ ನಗು ಆರಿತು.

"ಶುಕ್ರವಾರ ಊರ ಮಂದಿ ಮುಂದ ಪುಟ ತೋರಿಸೋದಿತ್ತು," ಎಂದಳು. "ಅಲ್ಲಿ ಆಕಿ ಜೋಡಣಿ ಕೈಕೊಡ್ಲಿ ಅಂತಿದ್ದೆ, ಅಷ್ಟೆ. ನನ್ನ ಪುಟಕ್ಕ ಎಲ್ಲಾರೂ 'ಭುವನೇಶ್ವರಿ ಪುಟ' ಅನ್ನಾಕ ಹತ್ತಿದ್ರು. ಅದನ್ನ ಕೇಳಿ ಕೇಳಿ ಊಟ ಸೇರ್ತಿರಲಿಲ್ಲ. ನಡುವೆ ಗೇಟ್ ತೆಗೀತಾರಂತ ಅನ್ಕೊಂಡಿರಲಿಲ್ಲ."

"ತೆಗದ ಮ್ಯಾಲಾದ್ರೂ ನನಗೊಂದು ಮಾತು ಹೇಳಬಾರದಿತ್ತಾ? ಎರಡು ನಿಮಿಷದಾಗ ಜೋಡಿಸ್ತಿದ್ದೆ," ಎಂದಳು ಭುವನೇಶ್ವರಿ.

"ಹೇಳಿದ್ರ ನಾನ ಅಂತ ಗೊತ್ತಾಗ್ತಿತ್ತು."

ಪಾಲಯ್ಯ ತಲೆಯೆತ್ತಿದ. "ಅವತ್ತು ನನ್ನ ಮೊಮ್ಮಗಳು ದುರುಗವ್ವ ಹರಿಗೋಲಿನಾಗ ಬರ್ತೀನಂತ ಭಾಳ ಹಟ ಮಾಡಿದ್ಲವ್ವ. ಕರಕೊಂಡು ಹೋಗೋನಿದ್ದೆ. ಜ್ವರ ಇತ್ತಂತ ಬಿಟ್ಟು ಹೋದೆ."

ಶ್ರೀಪ್ರಿಯಾ ಎದ್ದು, ಪಾಲಯ್ಯನ ಮುಂದೆ ನೆಲಕ್ಕೆ ಕೂತಳು. ಫೋನ್ ಕೈಗೆತ್ತಿಕೊಂಡು, "ಅಮ್ಮಾರ, ಪೊಲೀಸ್ ಠಾಣೆ ನಂಬರ್ ಹೇಳ್ರಿ," ಎಂದಳು.

ಸರಸ್ವತೀಬಾಯಿಯವರು ಒಂದೊಂದೇ ಅಂಕಿ ಹೇಳಿದರು. ಅವಳು ತಾನೇ ಒತ್ತಿದಳು.