ಫಾರ್ಮ್ಯಾಟ್ ಮಾಡುವ ಮುನ್ನ

"ಬಿಟ್ಟು ಹೋಗಿ, ಸಂಜೆ ಬನ್ನಿ," ಎಂದ ರಿದೆಲ್.

"ಇಲ್ಲೇ ಕೂತ್ಕೋತೀನಿ," ಎಂದಳು ಯುಸಿಮಿ.

ಟವೆಲ್ಲಿನಲ್ಲಿ ಸುತ್ತಿ ತಂದ ಲ್ಯಾಪ್‌ಟಾಪನ್ನು ಅವಳಿನ್ನೂ ಎದೆಗವಚಿಕೊಂಡೇ ನಿಂತಿದ್ದಳು. ಸಿಯೆನ್‌ಫ್ಯೂಗೋಸ್ ಊರಿನ ಈ ಬೀದಿಯವರ ಕಂಪ್ಯೂಟರ್ ಕೆಟ್ಟರೆ ಬರುವುದು ರಿದೆಲ್‌ನ ಜಗಲಿಗೆ. ಬರುತ್ತಾರೆ, ಅವನ ಅಜ್ಜಿಯ ಮಂಡಿನೋವು ವಿಚಾರಿಸುತ್ತಾರೆ, ಕೊಟ್ಟು ಹೋಗುತ್ತಾರೆ. ಕೂತು ಕಾಯುತ್ತೇನೆ ಎಂದವಳು ಇವಳೊಬ್ಬಳೇ.

"ತುಂಬಾ ಹೊತ್ತು ಹಿಡಿಯತ್ತೆ."

"ಹಿಡೀಲಿ."

"ಬೇಜಾರಾಗತ್ತೆ ನಿಮಗೆ."

"ನನ್ನ ಬೇಜಾರಿನ ಚಿಂತೆ ನಿಮಗ್ಯಾಕೆ?"

ಅವನು ಅವಳ ಚಪ್ಪಲಿ ನೋಡಿದ, ಕೈಚೀಲ ನೋಡಿದ, ಮುಖ ಮಾತ್ರ ನೋಡಲಿಲ್ಲ. ಆಮೇಲೆ ಗೋಡೆಯತ್ತ ಕೈ ತೋರಿಸಿದ. "ಲೈಸೆನ್ಸ್ ಅಲ್ಲಿದೆ. ಈ ವರ್ಷದ್ದೇ."

ಯಾರೂ ಕೇಳದೆ ಲೈಸೆನ್ಸ್ ತೋರಿಸುತ್ತಾನಲ್ಲ, ಒಳಗೇನೋ ಇದೆ ಎಂದುಕೊಂಡಳು ಯುಸಿಮಿ. ಕುರ್ಚಿಯನ್ನು ಅವನ ಭುಜದ ಪಕ್ಕಕ್ಕೇ ಎಳೆದು ಕೂತಳು. ಅವನ ಬೆರಳುಗಳು ಉದ್ದವಾಗಿದ್ದವು, ಚೊಕ್ಕಟವಾಗಿದ್ದವು. ಅವಳು ಹಿಂದೊಮ್ಮೆ ನಂಬಿದ್ದ ಒಸ್ನಿಯೆಲ್‌ನ ಬೆರಳುಗಳೂ ಚೊಕ್ಕಟವಾಗಿಯೇ ಇದ್ದವು.

ಲ್ಯಾಪ್‌ಟಾಪ್ ಆನ್ ಆಯಿತು. ಕಪ್ಪು ಪರದೆಯ ಮೇಲೆ ಚುಕ್ಕಿಗಳು ಸುತ್ತಿದವು, ಸುತ್ತುತ್ತಲೇ ಇದ್ದವು.

"ಇದು ಏಳಲ್ಲ. ಪೆನ್‌ಡ್ರೈವ್‌ನಿಂದ ವಿಂಡೋಸ್ ಹೊಸದಾಗಿ ಹಾಕ್ಬೇಕು," ಎಂದ. "ಒಳಗೆ ಉಳಿಸ್ಕೋಬೇಕಾದ್ದು ಏನಾದ್ರೂ ಇದೆಯಾ?"

"ಏನೂ ಇಲ್ಲ," ಎಂದಳು ಥಟ್ಟನೆ.

ಇತ್ತು. ಲಿಯಾನೆತ್ ಎಂಬ ಹುಡುಗಿಗೆ ಹದಿನೈದು ತುಂಬುವ ಹಬ್ಬಕ್ಕೆಂದು ಮೊದಲೇ ತೆಗೆದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಬಾಡಿಗೆಯ ಗೌನ್ ತೊಟ್ಟು ಚೌಕದ ಮೆಟ್ಟಿಲ ಮೇಲೆ ನಿಂತದ್ದು, ಈಜುಡುಗೆಯಲ್ಲಿ ಕೊಲ್ಲಿಯ ದಂಡೆಯಲ್ಲಿ ನಕ್ಕದ್ದು. ತೆಗೆದವಳು, ತಿದ್ದಿ ಆಲ್ಬಂ ಮಾಡಬೇಕಾದವಳು ಯುಸಿಮಿ. ಪಾರ್ಟಿ ಭಾನುವಾರ. ಫೋಟೋ ಇದೆ ಎಂದರೆ ಇವನು ನೋಡುತ್ತಾನೆ, ಇಲ್ಲ ಎಂದರೆ ಹುಡುಕುವುದಿಲ್ಲ. ಹೊಸ ವಿಂಡೋಸ್ ಎಂದರೆ ಮನೆಗೆ ಹೊಸ ಬಾಗಿಲು ಹಾಕಿದ ಹಾಗೆ, ಒಳಗಿನ ಪಾತ್ರೆಪಗಡ ಇದ್ದಲ್ಲೇ ಇರುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

ಒಳಗಿನಿಂದ ಅಜ್ಜಿ ಎನೆಯ್ದಾ ಕಾಫಿ ತಂದರು. ರೇಷನ್ನಿನ, ಹುರಿದ ಬಟಾಣಿಯ ಪುಡಿ ಬೆರೆತ ಕಾಫಿ, ತುಟಿ ಅಂಟುವಷ್ಟು ಸಕ್ಕರೆ. ಅಷ್ಟರಲ್ಲಿ ಫೋನ್ ತಗೊಂಡು ಹೋಗಲು ಒಬ್ಬಾಕೆ ಬಂದಳು. "ತಗೋ ನನ್ನ ಬಂಗಾರ, ಮತ್ತೆ ನೀರಿಗೆ ಬೀಳಿಸ್ಬೇಡ," ಎಂದು ಕೊಟ್ಟ ರಿದೆಲ್. ಈ ಊರಲ್ಲಿ ಬ್ರೆಡ್ ಮಾರುವವನಿಗೂ ಬಸ್ಸಿನವನಿಗೂ ಎಲ್ಲರೂ ಬಂಗಾರವೇ, ಜೀವವೇ. ಆದರೆ ಇತ್ತ ತಿರುಗಿದವನು ನೆಟ್ಟಗೆ ಕೂತು, "ಸಕ್ಕರೆ ಸಾಕಾ, ಕಾಮ್ರೇಡ್?" ಎಂದ.

ಕಾಮ್ರೇಡಂತೆ! ಕಚೇರಿಯ ಕಿಟಕಿಯಾಚೆ ಕೂತವರನ್ನು ಕರೆಯುವ ಹಾಗೆ. ಅವಳಿಗೆ ಯಾಕೋ ಸಿಟ್ಟು ಬಂತು. ಸಿಟ್ಟು ಯಾಕೆ ಬಂತೆಂದು ಇನ್ನಷ್ಟು ಸಿಟ್ಟು ಬಂತು.

"ಆ ಪೆನ್‌ಡ್ರೈವ್ ಎಲ್ಲಿಂದ ಬಂತು?" ಕೇಳಿದಳು.

ಅವನ ಕಿವಿ ಕೆಂಪಾಯಿತು. "ಒಬ್ಬ ಸ್ನೇಹಿತ ಕೊಟ್ಟ."

"ಯಾವ ಸ್ನೇಹಿತ?"

"ಹೀಗೇ... ದೂರದವನು."

"ಅದರೊಳಗೆ ಇನ್ನೇನಿದೆ?"

"ವಿಂಡೋಸ್ ಬಿಟ್ಟು ಇನ್ನೇನೂ ಇಲ್ಲ, ಕಾಮ್ರೇಡ್. ಅಜ್ಜಿ ಆಣೆ."

"ನನ್ನ ಆಣೆ ಯಾಕೋ ಹಾಕ್ತೀಯ, ನಾನಿನ್ನೂ ಬದುಕ್ಬೇಕು," ಎಂದಿತು ಅಡುಗೆಮನೆ.

ಇಷ್ಟು ತಡವರಿಸುವವನು ಕಳ್ಳನಲ್ಲದೆ ಇನ್ನೇನು? ಯುಸಿಮಿ ಕಣ್ಣು ಮಿಟುಕಿಸದೆ ಪರದೆ ನೋಡಿದಳು. ಯಾವ ಭಾಷೆ ಎಂದು ಅದು ಕೇಳಿತು, ಯಾವ ಕೀಲಿಮಣೆ ಎಂದು ಕೇಳಿತು. ಕೊನೆಗೆ ಡಿಸ್ಕಿನ ಚಿತ್ರ ಬಂತು.

"ಎಲ್ಲಾ ಒಂದೇ ಭಾಗದಲ್ಲಿದೆ," ಎಂದ ರಿದೆಲ್. "ಏನೂ ಇಲ್ಲ ಅಂದ್ರಲ್ಲ, ಒಳ್ಳೇದಾಯ್ತು. ಫಾರ್ಮ್ಯಾಟ್ ಒತ್ತಿದ್ರೆ ಒಂದು ಅಕ್ಷರಾನೂ ಉಳಿಯಲ್ಲ."

"ಡೆಸ್ಕ್‌ಟಾಪ್ ಮೇಲಿರೋದು?"

"ಅದೂ ಹೋಗತ್ತೆ," ಎನ್ನುತ್ತಿದ್ದಂತೆ ಅವನ ಬೆರಳು ಗುಂಡಿಯತ್ತ ಇಳಿಯಿತು.

ಅವಳು ಅವನ ಮಣಿಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

ಬೀದಿಯಲ್ಲಿ ಯಾರೋ ಡಾಮಿನೊ ಕಾಯಿಯನ್ನು ಮೇಜಿಗೆ ಕುಟ್ಟಿದರು. ಅವನ ನಾಡಿ ಅವಳ ಬೆರಳಡಿ ಓಡುತ್ತಿತ್ತು. ಆಗ ಮೊದಲ ಸಲ ಅವನು ಅವಳ ಮುಖ ನೋಡಿದ. ಜೇನುಬಣ್ಣದ, ಹೆದರಿದ ಕಣ್ಣು. ಹೆದರಬೇಕಾದವಳು ನಾನಲ್ಲವೇ ಎನಿಸಿತು ಅವಳಿಗೆ.

"ಫೋಟೋಗಳಿವೆ," ಎಂದಳು. "ಒಬ್ಬ ಹುಡುಗಿಯವು. ಸುಳ್ಳು ಹೇಳ್ದೆ."

"ಯಾಕೆ?"

"ಹೋದ ವರ್ಷ ಒಬ್ಬನ ಹತ್ರ ರಿಪೇರಿಗೆ ಕೊಟ್ಟಿದ್ದೆ. ಒಸ್ನಿಯೆಲ್ ಅಂತ. ಸಮುದ್ರದ ದಂಡೆಯಲ್ಲಿ ತೆಗೆದ ಬೇರೊಬ್ಬ ಹುಡುಗಿಯ ಫೋಟೋ ಕಾಪಿ ಮಾಡ್ಕೊಂಡ. ವಾರದೊಳಗೆ ಬೀದಿಯ ಹುಡುಗರ ಫೋನಲ್ಲೆಲ್ಲ ಅದೇ. ಆ ಮಗು ಸ್ಕೂಲಿಗೆ ಹೋಗೋದು ಬಿಟ್ಳು. ನನ್ನ ಬಾಗಿಲಿಗೂ ಯಾರೂ ಬರ್ಲಿಲ್ಲ. ಇದೊಂದು ಕೆಲಸ ಈಗ ಸಿಕ್ಕಿದೆ." ಅವನ ಮಣಿಕಟ್ಟು ಬಿಟ್ಟಳು. "ಅವನು ಆಗ ನನ್ನ ಹುಡುಗ. ನಾನೇ ಪ್ರೀತಿಸಿದ್ದೆ."

ರಿದೆಲ್ ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಹಾಗಾದ್ರೆ ನೀವು ಲೈಸೆನ್ಸ್ ನೋಡೋ ಇನ್‌ಸ್ಪೆಕ್ಟರ್ ಅಲ್ವಾ?"

"ಏನು?"

"ಅಲ್ಲಾ... ಪಕ್ಕದಲ್ಲೇ ಕೂತು, ಎಲ್ಲಿಂದ ಬಂತು, ಒಳಗೇನಿದೆ ಅಂತ ಕೇಳಿದ್ರೆ! ನನ್ನ ಲೈಸೆನ್ಸ್ ಇರೋದು ಫೋನ್ ರಿಪೇರಿಗೆ ಮಾತ್ರ. ಆಗಿನಿಂದ ಅಂಗಿ ಒದ್ದೆಯಾಗಿದೆ ನೋಡಿ."

ಒಳಗೆ ಅಜ್ಜಿ ಗೊಳ್ಳನೆ ನಕ್ಕರು. ಯುಸಿಮಿಗೂ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ. ನಗಿಸುವುದು ಒಸ್ನಿಯೆಲ್‌ಗೂ ಗೊತ್ತಿತ್ತು.

"ಈಗ ಏನು ದಾರಿ?"

"ಇನ್ನೊಂದು ಪೆನ್‌ಡ್ರೈವ್ ಇದೆ. ಅದರಿಂದ ಮೆಷೀನ್ ಎಬ್ಬಿಸಿದ್ರೆ ಹಳೇ ಡಿಸ್ಕ್ ತೆರೆಯತ್ತೆ. ಫೋಟೋನೆಲ್ಲ ನನ್ನ ಹಾರ್ಡ್‌ಡಿಸ್ಕಿಗೆ ಹಾಕ್ಬೇಕು, ಬೇರೆ ಜಾಗ ಇಲ್ಲ."

"ನಿಮ್ಮ ಡಿಸ್ಕಿಗೆ."

"ನನ್ನ ಡಿಸ್ಕಿಗೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರಿದೆಲ್ ಪೆನ್‌ಡ್ರೈವ್ ಬದಲಿಸಿ, ತನ್ನ ಹಾರ್ಡ್‌ಡಿಸ್ಕನ್ನೂ ಸಿಕ್ಕಿಸಿ ಲ್ಯಾಪ್‌ಟಾಪ್ ಎಬ್ಬಿಸಿದ. ಮೌಸನ್ನು ಅವಳ ಕೈಗಿಟ್ಟ. ಆಮೇಲೆ ತನ್ನ ಕುರ್ಚಿಯನ್ನು ಪೂರ್ತಿ ತಿರುಗಿಸಿ, ಪರದೆಗೆ ಬೆನ್ನು ಹಾಕಿ, ಬೀದಿ ನೋಡುತ್ತ ಕೂತ.

"ನೀವೇ ಮಾಡಿ. ನಾನು ಹೇಳ್ಕೊಡ್ತೀನಿ. ಎಡಗಡೆ ಏನು ಕಾಣ್ತಿದೆ?"

"ಎರಡು ಡಿಸ್ಕಿನ ಚಿತ್ರ."

"ದೊಡ್ಡದನ್ನ ತೆರೀರಿ. ಅದರಲ್ಲಿ ನಿಮ್ಮ ಹೆಸರಿರತ್ತೆ. ಏನು ಹೆಸರು?"

"ಯುಸಿಮಿ."

"ಯುಸಿಮಿ," ಎಂದ ಅವನು ಬೀದಿಗೆ. ಕಾಮ್ರೇಡ್ ಇರಲಿಲ್ಲ.

ಲಿಯಾನೆತ್ ನಗುತ್ತ, ಫೋಟೋ ಫೋಟೋವಾಗಿ, ಅವನ ಡಿಸ್ಕಿಗೆ ದಾಟತೊಡಗಿದಳು. ಯುಸಿಮಿಯ ಕಣ್ಣು ಮಾತ್ರ ಪರದೆಯಿಂದ ಜಾರಿ ಅವನ ಕತ್ತಿನ ಹಿಂಭಾಗಕ್ಕೆ ಹೋಯಿತು. ಕೂದಲು ಅಲ್ಲಿ ಸುರುಳಿಯಾಗಿ ಬೆವರಿಗೆ ಅಂಟಿತ್ತು. ಒಮ್ಮೆಯಾದರೂ ತಿರುಗುತ್ತಾನೇನೋ ಎಂದು ಕಾದಳು. ತಿರುಗಲಿಲ್ಲ. ಒಮ್ಮೆಯಾದರೂ ತಿರುಗಬಾರದೇ ಎಂದೂ ಅನಿಸಿತು, ಅದು ಬೇರೆಯೇ ಆಸೆ.

"ಮುಗೀತು," ಎಂದಳು.

ಅವನು ವಿಂಡೋಸ್ ಹಾಕಲು ಶುರುಮಾಡಿದ. ಅರ್ಧಕ್ಕೆ ಬಂದಿತ್ತು, ಫ್ಯಾನ್ ನಿಂತಿತು. ಬೀದಿಯ ಉದ್ದಕ್ಕೂ "ಹೋಯ್ತೂ!" ಎಂದು ಕೂಗೆದ್ದಿತು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದ್ದ ಲ್ಯಾಪ್‌ಟಾಪ್ ಕರೆಂಟಿನ ಜೊತೆಗೇ ಹೋಯಿತು. ಈಗ ಅದರೊಳಗೆ ಏನೂ ಇರಲಿಲ್ಲ. ಲಿಯಾನೆತ್‌ಳ ಹಬ್ಬ, ಯುಸಿಮಿಯ ಹೆಸರು, ಎರಡೂ ಅವನ ಹಾರ್ಡ್‌ಡಿಸ್ಕಿನಲ್ಲಿದ್ದವು.

ರಿದೆಲ್ ಆ ಡಿಸ್ಕನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. "ಮನೆಗೆ ತಗೊಂಡು ಹೋಗಿ. ಕರೆಂಟು ಇವತ್ತು ಬರಲ್ಲ, ವಿಂಡೋಸ್ ನಾಳೆ ಹೊಸದಾಗಿ ಹಾಕ್ತೀನಿ."

"ಅವನ ಕೆಲಸದ್ದೆಲ್ಲ ಅದರಲ್ಲೇ ಇದೆ ಮಗಳೇ," ಎಂದರು ಅಜ್ಜಿ ಬಾಗಿಲಲ್ಲಿ ನಿಂತು. "ಅದಿಲ್ದೆ ಬೆಳಗ್ಗೆ ಬಂದವರನ್ನೆಲ್ಲ ವಾಪಸ್ ಕಳಿಸ್ಬೇಕು ಇವನು."

"ಅಜ್ಜೀ, ಸುಮ್ನಿರು."

ಗೇಟಿನವರೆಗೂ ಹೋದಳು ಯುಸಿಮಿ. ಡಿಸ್ಕ್ ಇನ್ನೂ ಬಿಸಿಯಿತ್ತು. ಬುದ್ಧಿ ಇದ್ದವಳು ಹಾಗೆಯೇ ಹೋಗಿಬಿಡುತ್ತಿದ್ದಳು. ಇವಳು ತಿರುಗಿ ಬಂದು ಅದನ್ನು ಮೇಜಿನ ಮೇಲಿಟ್ಟಳು.

"ನಿಮ್ಮನ್ನ ನಾನಿನ್ನೂ ನಂಬಿಲ್ಲ," ಎಂದಳು.

"ಗೊತ್ತು."

"ಆದ್ರೂ ಬಿಟ್ಟು ಹೋಗ್ತಿದೀನಿ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ತನ್ನಂಥ ಮುಠ್ಠಾಳಿ ಈ ದ್ವೀಪದಲ್ಲೇ ಇಲ್ಲ ಎಂದು ಬೈದುಕೊಂಡಳು. ಬೆಳಿಗ್ಗೆ ಕರೆಂಟು ಬಂದದ್ದೇ, ಓಡುತ್ತ ಬಂದಳು. ಜಗಲಿಯಲ್ಲಿ ಜನ ಕಾಯುತ್ತಿದ್ದರು. ರಿದೆಲ್ ಕೈಕಟ್ಟಿ ಕೂತಿದ್ದ, ಡಿಸ್ಕ್ ಎಲ್ಲೂ ಕಾಣಲಿಲ್ಲ. ಅವಳು ಮೇಜಿನಡಿಯೂ ಬಗ್ಗಿ ನೋಡಿದಳು.

ಅಜ್ಜಿ ಎನೆಯ್ದಾ ಕೊರಳಿನಿಂದ ಬೀಗದಕೈ ತೆಗೆದರು. "ನನ್ನ ಬೀರುವಿನಲ್ಲಿದೆ, ಒಳಬಟ್ಟೆಗಳ ಅಡಿಯಲ್ಲಿ. ನಿನ್ನೆ ಅವನೇ ಇಡಿಸಿದ. ನೀನು ಬರೋವರೆಗೂ ಯಾರ ಕೆಲಸಾನೂ ಮುಟ್ಟಲ್ಲ ಅಂದ. ಅದನ್ನ ಯಾರೂ ತೆರೆದಿಲ್ಲ ಅಂತ ನಾನು ಸಾಕ್ಷಿ ಹೇಳ್ಬೇಕಂತೆ. ಕೇಳಿಸ್ಕೋ ಮಗಳೇ, ನಿನ್ನೆ ಸಂಜೆಯಿಂದ—"

"ಬೇಡ ಅಜ್ಜಿ," ಎಂದಳು ಯುಸಿಮಿ. "ಸಾಕ್ಷಿ ಬೇಡ ನನಗೆ."

ರಿದೆಲ್ ಎದ್ದು ನಿಂತ. ಕಾಯುತ್ತಿದ್ದವರೆಲ್ಲ ಬಾಯಿ ಮುಚ್ಚಿ ಕಿವಿ ತೆರೆದರು.

"ಹಾಗಾದ್ರೆ ನಾನೊಂದು ಕೇಳ್ಲಾ? ಭಾನುವಾರದ ಪಾರ್ಟಿಗೆ ಫೋಟೋಗ್ರಾಫರ್ ಜೊತೆ ಯಾರಾದ್ರೂ ಬರಬಹುದಾ?"

"ಬರಬಹುದು." ಅವಳು ಹುಬ್ಬು ಏರಿಸಿದಳು. "ಆದ್ರೆ ಕ್ಯಾಮೆರಾ ಮುಟ್ಟೋ ಹಾಗಿಲ್ಲ."

"ಕೈ?"

ಯುಸಿಮಿ ಒಂದು ಕ್ಷಣ ಅವನನ್ನು ಅನುಮಾನದಿಂದಲೇ ನೋಡಿದಳು. ಆಮೇಲೆ, ಬೀದಿಯವರೆಲ್ಲ ನೋಡುತ್ತಿದ್ದಂತೆ, ಕೈ ಚಾಚಿದಳು.