ನೀರಂಚಿನ ಕಲ್ಲು

"ವನಜಕ್ಕ, ಬೇಗ ಬನ್ನಿ. ಶಿವಮ್ಮಜ್ಜಿಯ ಲಿಂಗದ ಕರಡಿಗೆ ಕಾಣ್ತಿಲ್ಲ. ಪ್ರಸೀತಾನೇ ತಗೊಂಡಿರ್ಬೇಕು."

ಹೀಗೆಂದು ಬಾಗಿಲು ತಟ್ಟಿದವಳು ರಂಜಿತಾ. ಕಾವೇರಿ ದಡದ ಶಿರಂಗಾಲದಲ್ಲಿ ಕೋಳಿ ಕಾಣೆಯಾದರೂ ಜನ ಓಡುತ್ತಿದ್ದುದು ನಿವೃತ್ತ ಟೀಚರ್ ವನಜಮ್ಮನವರ ಮನೆಗೇ; ಪಕ್ಕದ ಮನೆಯ ರಂಜಿತಾ ಅವರ ಬೆನ್ನು ಬಿಡುತ್ತಿರಲಿಲ್ಲ. ಈಗ, ಕೇರಳ ಕರಾವಳಿಯಲ್ಲಿ ಫ್ರೆಂಚರು ಆಳಿದ್ದ ಮಾಹೆ ನೋಡಲು ಬಂದ ಶಿರಂಗಾಲದವರು ಪಟ್ಟಣದ ಹೊರಗೆ, ಕಡಲ ದಡದ ಕೇರಿಯಲ್ಲಿ ಮನೆ ಹಿಡಿದಿದ್ದರು. ಆ ಮನೆಯ ಅಡುಗೆಯ ಪ್ರಸೀತಾ ಅದೇ ಕೇರಿಯವಳು; ಕೊಡಗಿನ ಸಿದ್ದಾಪುರದ ಎಸ್ಟೇಟ್ ಕೂಲಿ ಲೈನಿನಲ್ಲಿ ಹನ್ನೆರಡು ವರ್ಷ ಇದ್ದು ಕನ್ನಡ ಕಲಿತವಳು.

ಎಪ್ಪತ್ತರ ಶಿವಮ್ಮ ಜಗಲಿಯಲ್ಲಿ ಬಾಡಿ ಕೂತಿದ್ದರು. ಕೊರಳಿಗೆ ಕಟ್ಟಿಕೊಳ್ಳುವ ಆ ಕರಡಿಗೆಯೊಳಗಿನ ಲಿಂಗಕ್ಕೆ ಪೂಜೆಯಾಗದೆ ಅವರು ಹನಿ ನೀರೂ ಮುಟ್ಟುವವರಲ್ಲ. ಉಣ್ಣದೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವಂತಿಲ್ಲ.

"ಮೈಯಿಂದ ತೆಗೀಬಾರ್ದಿತ್ತು ಕಣವ್ವ," ಎಂದರು. "ದಾರ ಸವೆದಿತ್ತು, ಮೀಯೋವಾಗ ಅಲೆ ಎಳ್ಕೊಂಡು ಹೋದೀತು ಅಂತ ಭಯ. ಆರು ಗಂಟೆಗೆ ನೀರಂಚಿನ ಕಲ್ಲಿನ ಸಂದೀಲಿ ತುರುಕಿ, ಮೇಲೊಂದು ಕಲ್ಲು ಒತ್ತಿದೆ. ನಮ್ಮ ಹೊಳೇಲಿ ಒಡವೆ ಹಂಗೇ ಇಡ್ತೀವಲ್ಲ. ಮಿಂದು, ದಡದುದ್ದಕ್ಕೂ ಸಮುದ್ರ ನೋಡ್ತಾ ಹೋಗಿ ಮೈಮರೆತೆ. ಎಂಟೂವರೆಗೆ ವಾಪಸ್ ಬಂದ್ರೆ ಸಂದಿ ಖಾಲಿ."

"ಅಲ್ಲಿದ್ದವಳು ಪ್ರಸೀತಾ ಒಬ್ಬಳೇ," ಎಂದಳು ರಂಜಿತಾ.

ಪ್ರಸೀತಾ ತಲೆ ಎತ್ತಲಿಲ್ಲ. "ನಮ್ಮ ಮನೆ ಸಾರಿಗೆ ಬಂಡೆಗೆ ಅಂಟಿದ ಚಿಪ್ಪು ಕೀಳ್ತಿದ್ದೆ, ಅಮ್ಮನ ಪಕ್ಕದಲ್ಲೇ. ಅವರು ಏನು ಎಲ್ಲಿಟ್ರೋ ನೋಡ್ಲಿಲ್ಲ, ಬೇರೆ ಏನೂ ಮುಟ್ಟಿಲ್ಲ."

ವನಜಮ್ಮ ಅಜ್ಜಿಯ ಬೆರಳು ಹಿಡಿದು ನೋಡಿದರು. ತುಂಬ ತರಚು ಗಾಯ. "ಕರಡಿಗೆ ಇಡೋವಾಗ ಚಿಪ್ಪು ಗೀರ್ತು," ಎಂದರು ಅಜ್ಜಿ. ದಡದಲ್ಲಿ ಅವರು ತೋರಿಸಿದ ಕಲ್ಲು ಮಾತ್ರ ನುಣ್ಣಗಿತ್ತು. ಮೇಲೆ ಒಣಗಿದ ಕಾಗೆ ಹಿಕ್ಕೆ, ಬುಡದಲ್ಲಿ ಇರುವೆ ಸಾಲು. ವನಜಮ್ಮ ಬಲೆ ಹೆಣೆಯುತ್ತಿದ್ದ ಮುದುಕನೊಂದಿಗೆ ಏನೋ ಮಾತಾಡಿ ಬಂದರು.

"ಪ್ರಸೀತಾ ಕದ್ದಿಲ್ಲ. ಸಂಜೆ ಐದೂವರೆಗೆ ಎಲ್ಲರೂ ಇಲ್ಲಿಗೆ ಬನ್ನಿ."

ರಂಜಿತಾ ಆ ದಿನ ಅಡುಗೆಮನೆಯತ್ತ ಸುಳಿಯಲಿಲ್ಲ. ಆಡಿದ ಮಾತು ಅವಳನ್ನೇ ಚುಚ್ಚುತ್ತಿತ್ತು.

ಸಂಜೆ ಎಲ್ಲರೂ ಸೇರಿದರು. ವನಜಮ್ಮ ನುಣ್ಣನೆಯ ಕಲ್ಲನ್ನು ತಟ್ಟಿದರು. "ಇದರಲ್ಲಿ ಚಿಪ್ಪಿಲ್ಲ, ಬೆರಳು ತರಚೋದು ಹೇಗೆ? ಇರುವೆ, ಹಿಕ್ಕೆ ಇವೆ ಅಂದ್ರೆ ಇಲ್ಲಿಗೆ ನೀರೇ ಬರಲ್ಲ. ಪ್ರಸೀತಾ ಕಿತ್ತ ಚಿಪ್ಪು ಬೆಳೆಯೋದು ನೀರು ಮುಳುಗಿಸೋ ಬಂಡೇಲಿ. ಅಜ್ಜಿ ಇಟ್ಟಿದ್ದು ಅಲ್ಲಿ, ಹುಡುಕಿದ್ದು ಇಲ್ಲಿ."

"ನಾನು ನೀರಂಚಲ್ಲೇ ಹುಡುಕಿದೆನಲ್ಲ," ಎಂದರು ಶಿವಮ್ಮ.

"ಅಂಚೇ ಮೇಲಕ್ಕೆ ಬಂದಿತ್ತು ಅಜ್ಜಿ. ನಮ್ಮ ಕಾವೇರಿ ಮಳೆಗೆ ಮಾತ್ರ ಏರ್ತಾಳೆ. ಸಮುದ್ರ ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ಇಳಿಯೋ ಹೊತ್ತನ್ನ ಆ ಬಲೆ ಹೆಣೆಯೋರು ಹೇಳಿದ್ರು. ಬೆಳಗ್ಗೇನೇ ನಾನು ಹೇಳಿದ್ರೆ ನೀವು ಅಲೆಗೇ ಇಳಿದುಬಿಡ್ತಿದ್ರಿ."

ಅಷ್ಟರಲ್ಲಿ ನೀರು ಸರಿದು, ಚಿಪ್ಪು ಮೆತ್ತಿದ ಕಪ್ಪು ಬಂಡೆ ತಲೆ ಎತ್ತಿತ್ತು. ಪ್ರಸೀತಾ ಮೊಣಕಾಲುದ್ದ ನೀರಿಗಿಳಿದು, ಒತ್ತಿಟ್ಟಿದ್ದ ಕಲ್ಲು ಸರಿಸಿ, ತಿರುಗಿ ನಿಂತಳು.

"ಇಲ್ಲೇ ಇದೆ ಅಮ್ಮ. ನಾನು ಮುಟ್ಟಬಹುದಾ?"

"ನೀನೇ ತಗೊಂಡು ಬಾ, ತಾಯಿ," ಎಂದರು ಶಿವಮ್ಮ. ಬೆಳ್ಳಿಯ ಕರಡಿಗೆ ಕೈಗೆ ಬಂದಾಗ ಅದರ ಜೊತೆಗೆ ಪ್ರಸೀತಾಳ ಒದ್ದೆ ಕೈಯನ್ನೂ ಕಣ್ಣಿಗೊತ್ತಿಕೊಂಡರು.

ಪೂಜೆ ಮುಗಿಯಿತು. ರಂಜಿತಾ ಅಜ್ಜಿಗೆ ಎಲೆ ಹಾಕಿ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವಳತ್ತ ನೋಡಿದಳು. "ನಿಮ್ದು ಊಟ ಆಯ್ತಾ, ಅಕ್ಕ?"

"ಅಮ್ಮ ಉಪವಾಸ ಇದ್ರಲ್ಲ. ನಾನೂ ಬೆಳಗ್ಗಿಂದ ಏನೂ ತಿಂದಿಲ್ಲ."

ರಂಜಿತಾ ಇನ್ನೊಂದು ಎಲೆ ಹಾಕಿ, "ತಪ್ಪಾಯ್ತು ಅಕ್ಕ, ಕೂತ್ಕೊಳ್ಳಿ," ಎಂದು ಮೊದಲು ಅವಳಿಗೇ ಬಡಿಸಿದಳು.